ಬಾಯಿಬಿಟ್ಟು ಯೋಚಿಸಿ

ಮೊನ್ನೆ ಖಾನಾಪುರದ ಮಾರ್ಕೆಟ್ಟಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬೆಂಡೆಕಾಯಿ ಆರಿಸುತ್ತಿದ್ದೆ. ಮಾರುವ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಕತ್ತು ಚಾಚಿ ನೋಡಿದಳು. ಯಾರೂ ಇರಲಿಲ್ಲ.

“ಯಾರ ಕೂಡ ಮಾತಾಡಾಕತ್ತೀರಿ ಅಕ್ಕಾರ?” ಎಂದಳು.

ಆಗಲೇ ನನಗೆ ಅರಿವಾದದ್ದು. “ಮೊದಲ ಬಲತದ್ದು ಬಾಜೂಕ ಇಡೂಣು. ಆಮ್ಯಾಲ ತುದಿ ಮುರದ ನೋಡೂಣು. ಮುರೀಲಿಲ್ಲಂದ್ರ ಬಿಡೂಣು, ಮುರೀತಂದ್ರ ಹುಳ ಐತೇನು ನೋಡೂಣು” ಎಂದು ನಾನು ಪಕ್ಕದ ಅಂಗಡಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದೆ. ಏನೂ ಇಲ್ಲವೆಂದು ನಕ್ಕು, ಕಾಯಿ ಚೀಲಕ್ಕೆ ಸುರಿದುಕೊಂಡು ಎದ್ದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಆಕೆ ಪಕ್ಕದವಳಿಗೆ ಹೇಳುವುದು ಕೇಳಿಸಿತು: “ಪಾಪ, ಚಲೋ ಮನೆತನದಾಕಿ ಕಾಣತಾಳ.”

ನೀವೂ ಹಾಗೆಯೇ ಮರುಗುವ ಮೊದಲು ಹೇಳಿಬಿಡುತ್ತೇನೆ. ನನ್ನ ತಲೆ ನೆಟ್ಟಗೇ ಇದೆ. ಇದು ಹುಟ್ಟುಗುಣವೂ ಅಲ್ಲ. ಒಬ್ಬಳೇ ಮಾತಾಡುವ ಈ ಚಾಳಿ ನನಗೆ ಅಂಟಿದ್ದು ಈಚೆಗೆ, ಸಾಫ್ಟ್‌ವೇರ್ ನೌಕರಿಯ ಇಂಟರ್‌ವ್ಯೂಗಳಿಂದ. ಅಲ್ಲಿಗೆ ಹೋದವರಿಗೆ ಸಕ್ಕರೆ ಕಾಯಿಲೆ ಬಂದದ್ದು, ಕೂದಲು ಉದುರಿದ್ದು ಕೇಳಿದ್ದೇನೆ. ನನಗೆ ಮಾತು ಬಂತು.

ನಮ್ಮದು ಮಾತಾಡದ ವಂಶ. ತವರು ಪಾರಿಶ್ವಾಡ. ನಾವು ಜೈನರು, ಹೊತ್ತು ಮುಳುಗುವ ಮುಂಚೆಯೇ ಸಂಜೆಯ ಊಟ ಮುಗಿಯಬೇಕು. ನಮ್ಮ ಅಜ್ಜಿಯದು ಅದರ ಮೇಲೊಂದು ನೇಮ. ಊಟಕ್ಕೆ ಕುಳಿತಳೆಂದರೆ ಏಳುವವರೆಗೆ ಮೌನ. ಅವಳ ಬೆರಳುಗಳೇ ಅವಳ ನಾಲಗೆ. ಅಂಗೈ ಕವುಚಿದರೆ ಸಾಕು ಎಂದರ್ಥ, ಬಟ್ಟಲಿನ ಹಾಗೆ ಮಾಡಿದರೆ ಮಜ್ಜಿಗೆ, ಹೆಬ್ಬೆರಳು ತೋರುಬೆರಳು ತಿಕ್ಕಿದರೆ ಉಪ್ಪು. ಒಮ್ಮೆ ನಾನು ಉಪ್ಪಿನ ಸನ್ನೆಗೆ ತುಪ್ಪ ಸುರಿದೆ. ಅಜ್ಜಿ ಕಣ್ಣಲ್ಲೇ ಬೈದಳು. ಕಣ್ಣಿನ ಬೈಗುಳ ಬಾಯಿಯದಕ್ಕಿಂತ ಬಹಳ ದಿನ ಬಾಳುತ್ತದೆ, ನನಗೆ ಇನ್ನೂ ನೆನಪಿದೆ.

ಇನ್ನೊಂದು ದಿನ ಊಟದ ಸಾಲಿನಲ್ಲಿ ನನ್ನ ಮಂಡಿಯ ಹತ್ತಿರ ಚೇಳು ಬಂದಿತ್ತು. ನಾನು ನೋಡಿರಲಿಲ್ಲ, ಅಜ್ಜಿ ನೋಡಿದಳು. ಬೇರೆ ಯಾರೇ ಆಗಿದ್ದರೂ ಕಿರುಚುತ್ತಿದ್ದರು, ನಾನು ಬೆಚ್ಚಿ ಕಾಲು ಅದರ ಮೇಲೇ ಇಡುತ್ತಿದ್ದೆ. ಅಜ್ಜಿ ಕೂಗಲಿಲ್ಲ. ತನ್ನ ನೀರಿನ ತಂಬಿಗೆಯನ್ನು ಎದುರು ಗೋಡೆಗೆ ಬೀಸಿ ಒಗೆದಳು. ಎಲ್ಲರೂ ಆ ಕಡೆ ತಿರುಗಿ ಕಲ್ಲಿನ ಹಾಗೆ ಕುಳಿತೆವು. ಅಷ್ಟರಲ್ಲಿ ಅವಳು ಚೇಳಿನ ಮೇಲೆ ಬಟ್ಟಲು ಕವುಚಿ, ಹೊರಗೆ ಒಯ್ದು ಬಿಡುವಂತೆ ಅಪ್ಪನಿಗೆ ಕೈ ಮಾಡಿ, ರೊಟ್ಟಿಯ ಉಳಿದ ತುಂಡು ಮುರಿದುಕೊಂಡಳು. ಅಂದಿನಿಂದ ನನ್ನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತು. ಗಟ್ಟಿ ಕೆಲಸ ಮಾಡುವವರು ಬಾಯಿ ಬಿಡುವುದಿಲ್ಲ.

ಸಾಲೆಯಲ್ಲೂ ಅದೇ ಪಾಠ. ಬಾಯಿಲೆಕ್ಕ ಕೇಳುವಾಗ ಮಾಸ್ತರರು ನಮ್ಮ ತುಟಿಗಳನ್ನೇ ಕಾಯುತ್ತಿದ್ದರು. ತುಟಿ ಅಲುಗಿತೋ, ಅಳತೆಪಟ್ಟಿ ಬಂದು ಅದರ ಮೇಲೆ ಕೂರುತ್ತಿತ್ತು. “ಮನಸಿನ್ಯಾಗ ಮಾಡು, ಬಾಯಾಗ ಅಲ್ಲ!” ಆ ಲೆಕ್ಕಕ್ಕೆ ಬಾಯಿಲೆಕ್ಕವೆಂದು ಯಾರು ಹೆಸರಿಟ್ಟರೋ ಅವರಿಗೂ ಒಂದು ಏಟು ಬೀಳಬೇಕಿತ್ತು.

ಇಂಥ ತಯಾರಿಯಾದವಳಿಗೆ ಪ್ರೋಗ್ರಾಮ್ ಬರೆಯುವ ಕೆಲಸ ಹೇಳಿ ಮಾಡಿಸಿದಂತಿತ್ತು. ಓದು ಮುಗಿಸಿ ಬೆಳಗಾವಿಯಲ್ಲೇ ಒಂದು ಸಣ್ಣ ಕಂಪನಿಗೆ ಸೇರಿದೆ. ಮುಂಜಾನೆ ಕೀಲಿಮಣೆಯ ಮುಂದೆ ಕುಳಿತರೆ ಮಧ್ಯಾಹ್ನದವರೆಗೆ ನನ್ನ ದನಿ ಯಾರೂ ಕೇಳುತ್ತಿರಲಿಲ್ಲ, ಆದರೆ ನಾನು ಬರೆದದ್ದು ಓಡುತ್ತಿತ್ತು. ಆಮೇಲೆ ಮದುವೆ. ಖಾನಾಪುರದಲ್ಲಿ ಹಂಚಿನ ವ್ಯಾಪಾರದ ಮನೆ. ಆಮೇಲೆ ಮಗಳು. ಸ್ವಲ್ಪ ದಿನ ಎಂದು ಕೆಲಸ ಬಿಟ್ಟದ್ದು ನಾಲ್ಕು ವರ್ಷವಾಯಿತು. ಮಗಳು ಬಾಲವಾಡಿಗೆ ಹೋಗತೊಡಗಿದ ಮೇಲೆ ಅರ್ಜಿ ಹಾಕಲು ಕುಳಿತೆ. ನಾಲ್ಕು ವರ್ಷ ಮನೆಯಲ್ಲಿದ್ದೆ ಎಂದು ಬರೆದ ಕಡೆಯಿಂದೆಲ್ಲ ಉತ್ತರವೇ ಇಲ್ಲ. ಬಾವಿಗೆ ಕಲ್ಲು ಹಾಕಿದರೂ ಒಂದು ಸಪ್ಪಳ ಬರುತ್ತದೆ.

ನನಗೆ ಆ ಕೆಲಸ ಬೇಕಾಗಿತ್ತು. ಹೊಟ್ಟೆಗೆ ಕಡಿಮೆ ಇತ್ತೆಂದಲ್ಲ. ನಾನು ಚೆನ್ನಾಗಿ ಮಾಡುತ್ತೇನೆ ಎಂದು ನನಗೇ ಗೊತ್ತಿದ್ದ ಕೆಲಸ ಅದೊಂದೇ. ಚಪಾತಿ ನನ್ನದು ಇಂದಿಗೂ ಗೋವಾದ ನಕಾಶೆಯ ಹಾಗೆ ಬರುತ್ತದೆ. ಈ ವರ್ಷ ಆಗದಿದ್ದರೆ ಇನ್ನು ಯಾವತ್ತೂ ಇಲ್ಲ ಎಂಬ ಹೆದರಿಕೆ ಒಳಗೆ ಹೊಕ್ಕು ಕುಳಿತಿತ್ತು. ಈ ಹೆದರಿಕೆಯನ್ನೂ ನಾನು ಯಾರಿಗೂ ಹೇಳಿರಲಿಲ್ಲ ಬಿಡಿ. ವಂಶದ ಗುಣ.

ಕೊನೆಗೆ ಪುಣೆಯ ಒಂದು ಕಂಪನಿಯವರು ವಿಡಿಯೋದಲ್ಲಿ ಇಂಟರ್‌ವ್ಯೂ ಇಟ್ಟರು. ಮನೆಯಿಂದಲೇ ಮಾಡುವ ಕೆಲಸ. ಮಗಳನ್ನು ಅತ್ತೆ ಮಾವಿನಮರದ ಕಟ್ಟೆಗೆ ಕರೆದುಕೊಂಡು ಹೋದರು, ನಾನು ಬಾಗಿಲು ಹಾಕಿಕೊಂಡು ಕುಳಿತೆ. ತೆರೆಯ ಮೇಲಿದ್ದ ಹುಡುಗ ಮರ್ಯಾದೆಯವನು. ಒಂದು ಸಮಸ್ಯೆ ಕೊಟ್ಟು, ಯೋಚಿಸುವುದನ್ನು ಬಾಯಿಬಿಟ್ಟು ಹೇಳುತ್ತ ಹೋಗಿ ಎಂದ. ನಾನು ತಲೆ ಆಡಿಸಿದೆ. ಅವನು ಉಪಚಾರಕ್ಕೆ ಹೇಳಿದ್ದಾನೆ, ಊಟಕ್ಕೆ ಬಂದವರಿಗೆ ಸಾವಕಾಶ ಉಣ್ಣಿರಿ ಎನ್ನುವ ಹಾಗೆ, ಎಂದುಕೊಂಡೆ. ಬಾಯಿ ಮುಚ್ಚಿ ಕೆಲಸ ಹಿಡಿದೆ.

ಸ್ವಲ್ಪ ಹೊತ್ತಿನ ಮೇಲೆ ಅವನು, ನಿಮ್ಮ ದನಿ ಬರುತ್ತಿಲ್ಲವೋ, ನೆಟ್ ಹೋಗಿದೆಯೋ ಎಂದು ಕೇಳಿದ. ಆಗ ಲೆಕ್ಕ ತುದಿಗೆ ಬಂದಿತ್ತು, ಬಾಯಿ ಬಿಟ್ಟರೆ ಎಲ್ಲ ಚೆಲ್ಲಿಹೋಗುವಂತಿತ್ತು. ನಾನು ತೆರೆಯಿಂದ ಕಣ್ಣು ತೆಗೆಯದೆ ಅಂಗೈ ಕವುಚಿ ತೋರಿಸಿದೆ. ಸಾಕು, ತಡಿ, ಊಟದ ನಡುವೆ ಮಾತು ಬೇಡ. ಪಾರಿಶ್ವಾಡದಲ್ಲಿ ಯಾವ ಕೂಸಿಗಾದರೂ ಅರ್ಥವಾಗುತ್ತಿತ್ತು. ಪುಣೆಯ ಹುಡುಗ ಬೆರಗಾಗಿ ನೋಡಿದ. ಕೊನೆಗೆ ಪ್ರೋಗ್ರಾಮ್ ಓಡಿಸಿ ತೋರಿಸಿದೆ. ಒಂದೂ ತಪ್ಪಿರಲಿಲ್ಲ. ಧನ್ಯವಾದ ಹೇಳಿ ಹೋದ.

ಮರುದಿನ ಮೇಲ್ ಬಂತು. ಆಯ್ಕೆಯಾಗಿಲ್ಲ. ಅಭ್ಯರ್ಥಿ ಹೇಗೆ ಯೋಚಿಸುತ್ತಾರೆ ಎಂಬುದು ತಿಳಿಯಲಿಲ್ಲವಂತೆ. ಉತ್ತರ ಸರಿಯಿದ್ದೂ ನಪಾಸಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನನ್ನವರು ಮೇಲ್ ಓದಿ, ಸಮಾಧಾನ ಮಾಡಬೇಕೆಂದು, “ಅವಂಗ ನೀ ಭಿತ್ತಿ ಮ್ಯಾಲಿನ ಫೋಟೋ ಅನಿಸಿರಬೇಕು ನೋಡು” ಎಂದರು. ಆ ದಿನ ಅವರ ತಾಟಿಗೆ ಚಪಾತಿ ಬೀಳಲಿಲ್ಲ.

ಆಮೇಲೆ ಬೆಳಗಾವಿಯ ಇನ್ನೊಂದು ಕಂಪನಿ ಕರೆಯಿತು. ಸುತ್ತು ಮೂರು. ಮೊದಲಿನದು ಕಂಪ್ಯೂಟರಿನಲ್ಲೇ ಬರೆಯುವ ಪರೀಕ್ಷೆ, ಅದರಲ್ಲಿ ಬಾಯಿಯ ಕೆಲಸವಿಲ್ಲ, ದಾಟಿದೆ. ಎರಡನೆಯದು ಫೋನಿನಲ್ಲಿ ಹಿಂದಿನ ಕೆಲಸದ ಬಗ್ಗೆ, ಅದೂ ಹೇಗೋ ದಾಟಿತು. ಮೂರನೆಯದಕ್ಕೆ ಆಫೀಸಿಗೇ ಕರೆದರು. ಎದುರಿಗೆ ಕೂರಿಸಿ ಸಮಸ್ಯೆ ಬಿಡಿಸಲು ಹೇಳುತ್ತಾರೆ, ಗಟ್ಟಿಯಾಗಿ ಯೋಚಿಸಬೇಕು. ಕೈಯಲ್ಲಿ ಒಂದು ವಾರವಿತ್ತು.

ಅಭ್ಯಾಸಕ್ಕೆ ಎದುರಿಗೊಬ್ಬರು ಬೇಕು. ನನ್ನವರು ಅಂಗಡಿಯಲ್ಲಿ. ಉಳಿದವರು ಅತ್ತೆ. ಅವರು ಅಕ್ಕಿ ಹಸನು ಮಾಡುತ್ತ ಮಂಚದ ಮೇಲೆ ಕುಳಿತರು.

“ನಾ ಏನ ಕೇಳಬೇಕವಾ?”

“ಏನೂ ಕೇಳಬ್ಯಾಡ್ರಿ ಅತ್ತಿ. ನಾ ಹೇಳೂದು ಸುಮ್ಮ ಕೇಳ್ರಿ.”

“ಅದೊಂದ ನನಗ ಆಗೂದಿಲ್ಲ ನೋಡು” ಎಂದರು. ನಿಜವನ್ನೇ ಹೇಳಿದ್ದರು. ಅತ್ತೆಯ ತವರಿನಲ್ಲಿ ಮೌನವೆಂದರೆ ಯಾರೋ ಸತ್ತಿದ್ದಾರೆಂದು ಅರ್ಥ. ನಾನು ಹಳೆಯದೊಂದು ಲೆಕ್ಕ ಹಿಡಿದು, ಹೆಸರುಗಳ ಉದ್ದನೆಯ ಸಾಲಿನಲ್ಲಿ ಎರಡೆರಡು ಸಲ ಬಂದ ಹೆಸರು ಹುಡುಕಬೇಕು ಎಂದು ಶುರುಮಾಡಿದೆ. “ಯಾರ ಹೆಸರು?” ಎಂದರು. ಯಾರದಾದರೂ ಆಗಲಿ ಎಂದೆ. “ಯಾರದರ ಅಂದ್ರ ಹೆಂಗ? ನಮ್ಮ ಓಣ್ಯಾಗ ಮೂರ ಮಂದಿ ಶಾಂತಾ ಅದಾರ” ಎಂದು ಮೂವರ ಕಥೆಯನ್ನೂ ಹೇಳತೊಡಗಿದರು. ಎರಡನೆಯ ಶಾಂತಾಳ ಮಗಳ ಬಾಣಂತನ ಮುಗಿಯುವ ಹೊತ್ತಿಗೆ ಅಕ್ಕಿ ಹಸನಾಗಿತ್ತು.

ಆದರೂ ಬಿಡಲಿಲ್ಲ. ಮೊದಮೊದಲು ನನ್ನ ದನಿ ನನಗೇ ಪರಕೀಯವೆನಿಸುತ್ತಿತ್ತು. ಒಂದು ವಾಕ್ಯ ಹೇಳುವಷ್ಟರಲ್ಲಿ ಯೋಚನೆ ಕೈ ಬಿಡಿಸಿಕೊಂಡು ಓಡುತ್ತಿತ್ತು. ಯೋಚನೆ ಹಿಡಿದರೆ ಮಾತು ನಿಲ್ಲುತ್ತಿತ್ತು. ಪಾತ್ರೆ ತೊಳೆಯುವಾಗ, ಮಗಳ ಜಡೆ ಹಾಕುವಾಗ, ಮಾಡುವುದನ್ನೆಲ್ಲ ಹೇಳುತ್ತ ಮಾಡಿದೆ. ಮಗಳು ಮೂರೇ ದಿನಕ್ಕೆ ಕೈ ಮುಗಿದಳು: “ಅವ್ವಾ, ಸುಮ್ನ ಹಾಕ.”

ಇಂಟರ್‌ವ್ಯೂ ದಿನ ಬೆಳಗಾವಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಪೀರನವಾಡಿಯಲ್ಲಿ ಬಸ್ಸು ಒಂದು ಜಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. “ಇಲ್ಲೇ ಇಳದ್ರ ರಿಕ್ಷಾ ಸಿಗತೈತಿ. ರಿಕ್ಷಾನೂ ಇದರಾಗ ಸಿಕ್ಕೊಂಡ್ರ? ಹಂಗಾರ ನಡಕೋತ ದಾಟಿ ಆ ಕಡೆ ರಿಕ್ಷಾ ಹಿಡೀಬೇಕು” ಎಂದೆ. ಬಾಜು ಕುಳಿತಿದ್ದ ಮುದುಕ, “ಇಳೀಬ್ಯಾಡವಾ ತಂಗಿ, ಲಾರಿ ಹೊಂಟಿತು” ಎಂದ. ಲಾರಿ ಹೊರಟೇಬಿಟ್ಟಿತು. ಮುದುಕ ತನ್ನ ಊರಿನಲ್ಲಿ ಇಳಿಯುವಾಗ ನನ್ನನ್ನೊಮ್ಮೆ ಕನಿಕರದಿಂದ ನೋಡಿದ.

ಆಫೀಸಿನ ಸಣ್ಣ ಕೋಣೆಯಲ್ಲಿ ಇಬ್ಬರು. ಮ್ಯಾನೇಜರ್ ಪಾಟೀಲ ಸರ್, ನಡುವಯಸ್ಸು, ನಮ್ಮ ಕಡೆಯದೇ ಮಾತು. ಪಕ್ಕದಲ್ಲಿ ಇಂಜಿನಿಯರ್ ಹುಡುಗಿ, ನನಗಿಂತ ಎಷ್ಟೋ ಕಿರಿಯಳು, ಕೈಯಲ್ಲಿ ಪೆನ್ನು ತಿರುಗಿಸುತ್ತಿದ್ದಳು. ನಾನು ಕೆಲಸ ಬಿಟ್ಟಾಗ ಇವಳು ಕಾಲೇಜಿನಲ್ಲಿದ್ದಿರಬೇಕು.

ಸಮಸ್ಯೆ ಕೊಟ್ಟರು. ಒಂದು ಬಸ್‌ಸ್ಟ್ಯಾಂಡಿಗೆ ದಿನವಿಡೀ ಬಸ್ಸುಗಳು ಬರುತ್ತವೆ, ಸ್ವಲ್ಪ ಹೊತ್ತು ನಿಂತು ಹೋಗುತ್ತವೆ. ಬರುವ ವೇಳೆ, ಹೋಗುವ ವೇಳೆ ಕೊಟ್ಟಿದ್ದಾರೆ. ಯಾವ ಬಸ್ಸೂ ಕಾಯಬಾರದೆಂದರೆ ಕಡಿಮೆಯೆಂದರೆ ಎಷ್ಟು ಪ್ಲಾಟ್‌ಫಾರ್ಮ್ ಬೇಕು?

“ಬಾಯಿ ಬಿಟ್ಟ ಯೋಚನಿ ಮಾಡ್ರಿ ಮೇಡಂ” ಎಂದರು ಪಾಟೀಲ ಸರ್.

ಮಾಡಿದೆ. ಬರುವ ವೇಳೆಗಳನ್ನು ಒಂದು ಸಾಲಿನಲ್ಲಿ, ಹೋಗುವ ವೇಳೆಗಳನ್ನು ಇನ್ನೊಂದು ಸಾಲಿನಲ್ಲಿ ಜೋಡಿಸುತ್ತೇನೆ, ಎರಡು ಸಾಲಿನ ಮೇಲೂ ಒಂದೊಂದು ಬೆರಳು ಇಟ್ಟುಕೊಂಡು ಮುಂದೆ ಹೋಗುತ್ತೇನೆ, ಬಸ್ಸು ಬಂದರೆ ಒಂದು ಕೂಡಿಸುತ್ತೇನೆ, ಹೋದರೆ ಒಂದು ಕಳೆಯುತ್ತೇನೆ, ಎಣಿಕೆ ಎಲ್ಲಕ್ಕಿಂತ ಮೇಲೇರಿದ್ದೇ ಉತ್ತರ ಎಂದು ಹೇಳಿದೆ. ಹುಡುಗಿಯ ಪೆನ್ನು ನಿಂತಿತು. ಬೋರ್ಡಿನ ಮೇಲೆ ಬರೆದೆ. ಅವಳು ಕೊಟ್ಟ ಉದಾಹರಣೆ ಹಾಕಿ ನೋಡಿದರೆ ಉತ್ತರ ಒಂದು ಹೆಚ್ಚು ಬಂತು.

ಮತ್ತೆ ಮೊದಲಿನಿಂದ ಹೇಳುತ್ತ ಬಂದೆ. ಮತ್ತೆ ಒಂದು ಹೆಚ್ಚು. ಮಾತು ಹೆಚ್ಚಿದಷ್ಟೂ ತಲೆಯಲ್ಲಿ ಗದ್ದಲ ಹೆಚ್ಚಿತು. “ಇಲ್ಲಿ ಕೂಡಿಸಿದ್ನಿ, ಅಲ್ಲ, ಇಲ್ಲಿ ಕಳದ್ನಿ, ತಡೀರಿ” ಎಂದು ನನಗೇ ತಿಳಿಯದ್ದನ್ನು ಅವರಿಗೆ ತಿಳಿಸುತ್ತಿದ್ದೆ. ಪಾಟೀಲ ಸರ್ ಗಡಿಯಾರ ನೋಡಿದರು. ಬಾಯಿ ಮುಚ್ಚಿದರೆ ಪುಣೆಯ ಗತಿ, ಬಿಟ್ಟರೆ ಈ ಗತಿ. ಎರಡು ಸಲ ನೀರು ಕುಡಿದೆ. ಎಲ್ಲ ಮುಗಿಯಿತು ಎನಿಸಿತು. ಆಮೇಲೆ ಏನು ತೋಚಿತೋ, ಮಾರ್ಕರ್ ಕೆಳಗಿಟ್ಟು ಹೇಳಿದೆ.

“ಸರ್, ನಾನು ಸಿಕ್ಕೊಂಡೇನ್ರಿ. ಎಲ್ಲಿ ಸಿಕ್ಕೊಂಡೇನಿ ಅನ್ನೂದೂ ತಿಳೀವಲ್ದು. ನನಗ ಎರಡ ಮಿನಿಟ ಸುಮ್ಮನಿರಾಕ ಬಿಡ್ರಿ. ಆಮ್ಯಾಲ ಎಲ್ಲಾ ಬಾಯಿ ಬಿಟ್ಟ ಹೇಳತೀನಿ.”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಆತು ತಗೋರಿ” ಎಂದರು ಪಾಟೀಲ ಸರ್.

ಫ್ಯಾನಿನ ಸಪ್ಪಳ ಮಾತ್ರ. ನಾನು ಬೋರ್ಡಿನ ಮುಂದೆ ಎರಡು ಬೆರಳು ಹಿಡಿದು, ತುಟಿ ಅಲುಗಿಸದೆ ಒಂದೊಂದೇ ಬಸ್ಸು ನಡೆಸಿದೆ. ಒಂದು ಕಡೆ ಎರಡೂ ಬೆರಳು ಒಂದೇ ವೇಳೆಯ ಮೇಲೆ ನಿಂತವು. ಒಂದು ಬಸ್ಸು ಹೊರಡುವ ಹೊತ್ತಿಗೇ ಇನ್ನೊಂದು ಬರುತ್ತಿತ್ತು. ನಾನು ಬಂದದ್ದನ್ನು ಮೊದಲು ಒಳಗೆ ಕರೆಯುತ್ತಿದ್ದೆ, ಹೊರಡುವುದನ್ನು ಆಮೇಲೆ ಕಳಿಸುತ್ತಿದ್ದೆ. ಒಂದೇ ಪ್ಲಾಟ್‌ಫಾರ್ಮಿನಲ್ಲಿ ಮುಗಿಯುವುದಕ್ಕೆ ಎರಡು ಕೇಳುತ್ತಿದ್ದೆ. ಅಷ್ಟೇ. ತಿರುಗಿ ನಿಂತು, ಜಾಗ ಬಿಡುವ ಬಸ್ಸಿನ ಲೆಕ್ಕ ಮೊದಲು ಆಗಬೇಕು, ನಾನು ತಪ್ಪಿದ್ದು ಇಲ್ಲಿ ಎಂದು ಹೇಳಿದೆ. ಉತ್ತರ ಸರಿ ಬಂತು. ಹುಡುಗಿ ನಕ್ಕಳು. ಪಾಟೀಲ ಸರ್ ಏನೋ ಬರೆದುಕೊಂಡು, “ಎರಡ ದಿವಸದಾಗ ತಿಳಸತೇವ್ರಿ” ಎಂದರು.

ಎರಡು ದಿನವಾಯಿತು. ನಾಲ್ಕಾಯಿತು. ವಾರವಾಯಿತು. ಫೋನಿಲ್ಲ, ಮೇಲಿಲ್ಲ. ಇದಕ್ಕೇನೆನ್ನುತ್ತೀರಿ? ನನ್ನ ತಲೆಯೊಳಗಿನ ಎಳೆ ಎಳೆಯನ್ನೂ ಬಾಯಿಬಿಟ್ಟು ಹೇಳು ಎಂದವರು ತಾವು ಮಾತ್ರ ಮೌನ ಹಿಡಿದು ಕುಳಿತಿದ್ದರು. ನಮ್ಮ ಅಜ್ಜಿಯದಾದರೂ ಊಟ ಮುಗಿದರೆ ಮುಗಿಯುತ್ತಿತ್ತು. ನಾನು ಫೋನನ್ನು ಸ್ನಾನದ ಮನೆಯ ಬಾಗಿಲಿಗೂ ಒಯ್ಯತೊಡಗಿದೆ. ಸಾಲ ಬೇಕೇ ಎಂದು ಯಾವಳೋ ಕರೆ ಮಾಡಿದರೂ ಮೊದಲ ಸದ್ದಿಗೇ ಎತ್ತುತ್ತಿದ್ದೆ. ರೊಟ್ಟಿ ಸೀದವು, ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಕೊನೆಗೆ ಅತ್ತೆಯೇ ಅಂದರು. “ನೀನ ಕೇಳ ಹೋಗು ಅವರ್ನ.”

“ಹಂಗ ಕೇಳಬಾರದ್ರಿ ಅತ್ತಿ. ಬೇಕಾದ್ರ ಅವರ ಕರೀತಾರ.”

“ಕೇಳಿದ್ರ ಏನ ಹೆಚ್ಚಂದ್ರ ಇಲ್ಲ ಅಂತಾರ. ಈಗೇನು ಹೂಂ ಅಂದಾರೇನು?”

ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕುಳಿತು ನಂಬರ್ ಒತ್ತಿದೆ. ಅತ್ತೆ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು. ಪಾಟೀಲ ಸರ್ ಎತ್ತಿದರು.

“ಹಾಂ ಮೇಡಂ... ನಾವು ಇನ್ನೂ ಯೋಚನಿ ಮಾಡಾಕತ್ತೇವ್ರಿ.”

ಅಲ್ಲಿಗೆ ಸರಿ ಸರ್ ಎಂದು ಇಡಬೇಕಿತ್ತು. ನಾನು ಬೆಳೆದ ಮನೆಯಲ್ಲಿ ಎಲ್ಲರೂ ಹಾಗೇ ಇಡುತ್ತಿದ್ದರು. ಆದರೆ ಒಂದು ವಾರ ಕಾದು ನನಗೆ ಸಾಕಾಗಿತ್ತು.

“ಹಂಗಾರ ಬಾಯಿ ಬಿಟ್ಟ ಯೋಚನಿ ಮಾಡ್ರಿ ಸರ್. ನಾ ಕೇಳತೀನಿ.”

ಮುಗಿಯಿತು, ಬಾಯಿ ಬಿಟ್ಟು ಬಣ್ಣಗೇಡಾಯಿತು ಎಂದುಕೊಂಡೆ. ಆಮೇಲೆ ಅವರು ಸಣ್ಣಗೆ ನಕ್ಕರು.

“ಖರೇ ಹೇಳತೀನ್ರಿ. ನಿಮ್ಮ ಕೆಲಸದಾಗ ಏನೂ ಕುಂದಿಲ್ಲ. ನಮ್ಮ ಹುಡುಗಿ ಅಂತೂ ನಿಮ್ಮನ್ನ ತಗೋರಿ ಅಂತ ಕುಂತಾಳ. ಆದ್ರ ನಾಲ್ಕ ವರ್ಷ ಬಿಟ್ಟೀರಿ. ದಿನಾ ಖಾನಾಪುರದಿಂದ ಬರೂದು, ಮಳಿಗಾಲದಾಗ ಆ ರಸ್ತಾ. ಮನ್ಯಾಗ ಸಣ್ಣ ಕೂಸ ಐತಿ ಅಂದ್ರಿ. ಕೂಸಿಗೆ ಜ್ವರ ಬಂತಂದ್ರ ನೀವು ಬರೂದಿಲ್ಲ. ಹಿಂದ ಒಬ್ಬಾಕೀನ ತಗೊಂಡಿದ್ವಿ, ನಡಬರಕ ಬಿಟ್ಟ ಹೋದಳು.”

ಒಂದೊಂದು ಮಾತಿಗೂ ನನ್ನ ಬಾಯಿಗೆ ಮೂರು ಮೂರು ಉತ್ತರ ಬಂದವು. ನಾಲಗೆ ಕಚ್ಚಿಕೊಂಡೆ. ಯೋಚಿಸುವವರ ನಡುವೆ ಬಾಯಿ ಹಾಕಬಾರದು.

“ಇನ್ನೊಬ್ಬಾಂವ ಅದಾನ್ರಿ. ನಿಮ್ಮಷ್ಟ ಚಲೋ ಮಾಡಲಿಲ್ಲ ಅಂವ. ಆದ್ರ ಅಂವಂದು ನಡುವ ಕೆಲಸ ಬಿಟ್ಟ ಗ್ಯಾಪ್ ಇಲ್ಲ. ಕಿತ್ತೂರಿಂದ ಬರತಾನ, ಖಾನಾಪುರಕ್ಕಿಂತ ದೂರ ಐತಿ, ಆದ್ರ ಗಾಡಿ ಐತಿ ಅಂತಾನ. ಅಂವ ಬಿಟ್ಟ ಹೋಗೂದಿಲ್ಲ ಅನಸತೈತಿ. ಮದವಿ ಆಗೇತಿ, ಒಂದ ಸಣ್ಣ ಕೂಸ ಐತಿ...”

ನಿಂತರು.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಅಂವಗೂ ಸಣ್ಣ ಕೂಸ ಐತಿ” ಎಂದರು ಮತ್ತೊಮ್ಮೆ, ಮೆಲ್ಲಗೆ. “ಅಂವನ ಕೂಸಿಗೆ ಜ್ವರ ಬಂದ್ರ...”

ಮತ್ತೆ ನಿಂತರು. ಹಿತ್ತಲಲ್ಲಿ ನಳದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಬಾಗಿಲಲ್ಲಿದ್ದ ಅತ್ತೆ ಏನಂತೆ ಎಂದು ಹುಬ್ಬು ಹಾರಿಸಿದರು. ನಾನು ಅಂಗೈ ಕವುಚಿ ತೋರಿಸಿದೆ.

“ಮೇಡಂ” ಎಂದರು ಪಾಟೀಲ ಸರ್, “ನಾ ಲೆಕ್ಕಾ ತಪ್ಪ ಮಾಡಾಕತ್ತೀನ್ರಿ.”

“ಹೌದ್ರಿ ಸರ್” ಎಂದೆ. “ಯಾವತ್ತಿನಿಂದ ಬರಲಿ?”